ಹೃದಯ ಇಲ್ಲದವನು ಜೀರುಂಡೆಗಾಗಿ ಅತ್ತ

"ಮಕ್ಕಳಿಗೆ ವ್ಯಂಗ್ಯ ಅರ್ಥ ಆಗಲ್ಲ, ಅವರ ಪುಸ್ತಕದಲ್ಲಿ ಎಲ್ಲವನ್ನೂ ನೇರವಾಗಿ ಹೇಳಬೇಕು." ಹೀಗೆ ಹೇಳುವವರು ಸಾಮಾನ್ಯವಾಗಿ ಮಕ್ಕಳ ಪುಸ್ತಕ ಮುಟ್ಟಿ ಬಹಳ ಕಾಲ ಆದವರು, ಇಲ್ಲವೇ ಮಕ್ಕಳಿಗಾಗಿ ನೀತಿಕಥೆ ಬರೆಯುವವರು. ಇಬ್ಬರಿಗೂ ನನ್ನ ಉತ್ತರ ಒಂದೇ. 'ದ ವಂಡರ್‌ಫುಲ್ ವಿಝರ್ಡ್ ಆಫ್ ಓಝ್' ಓದಿ. 1900ರಲ್ಲಿ ಅಮೆರಿಕದಲ್ಲಿ ಬಂದ ಪುಸ್ತಕ, ಬರೆದವರು ಎಲ್. ಫ್ರಾಂಕ್ ಬಾಮ್. ಹೆಚ್ಚಿನವರಿಗೆ ಗೊತ್ತಿರುವುದು 1939ರ ಸಿನಿಮಾ. ನಾನು ಹೇಳ್ತಿರೋದು ಪುಸ್ತಕದ ಬಗ್ಗೆ. ಎರಡೂ ಒಂದೇ ಅಂದುಕೊಂಡವರ ಜೊತೆ ನನಗೆ ಸಣ್ಣ ಜಗಳ ಇದೆ, ಆಮೇಲೆ ಬರ್ತೀನಿ.

ಕಥೆ ಗೊತ್ತಿಲ್ಲದವರಿಗೆ ಎರಡು ಸಾಲು. ಕ್ಯಾನ್ಸಾಸ್‌ನ ಡೊರೊಥಿ ಎಂಬ ಹುಡುಗಿಯನ್ನು ಸುಂಟರಗಾಳಿ ಮನೆ ಸಮೇತ ಎತ್ತಿಕೊಂಡು ಹೋಗಿ ಓಝ್ ಎಂಬ ನಾಡಿನಲ್ಲಿ ಇಳಿಸುತ್ತದೆ. ಊರಿಗೆ ವಾಪಸ್ ಹೋಗಬೇಕಾದರೆ ಪಚ್ಚೆಯ ನಗರದಲ್ಲಿರುವ ಮಹಾ ಮಾಂತ್ರಿಕನನ್ನು ಕೇಳಬೇಕು. ದಾರಿಯಲ್ಲಿ ಮೂವರು ಜೊತೆಯಾಗುತ್ತಾರೆ. ಮಿದುಳು ಬೇಕು ಎನ್ನುವ ಬೆದರುಬೊಂಬೆ, ಹೃದಯ ಬೇಕು ಎನ್ನುವ ತಗಡಿನ ಮನುಷ್ಯ, ಧೈರ್ಯ ಬೇಕು ಎನ್ನುವ ಸಿಂಹ. ಮೂವರ ಹತ್ತಿರವೂ ಅವರು ಕೇಳುತ್ತಿರುವುದು ಆಗಲೇ ಇದೆ. ಇದು ಎಲ್ಲರಿಗೂ ಗೊತ್ತು, ಶಾಲೆಯ ಭಾಷಣದಲ್ಲೂ ಹೇಳ್ತಾರೆ. ಆದರೆ ಬಾಮ್ ಇದನ್ನು ಹೇಗೆ ಮಾಡಿದ್ದಾರೆ ಅನ್ನೋದನ್ನು ಯಾರೂ ನಿಧಾನವಾಗಿ ನೋಡೋದಿಲ್ಲ.

ಆರನೇ ಅಧ್ಯಾಯದ ಕೊನೆ ನೋಡಿ. ನಡೆಯುತ್ತಾ ಹೋಗುವಾಗ ತಗಡಿನ ಮನುಷ್ಯ ಗೊತ್ತಿಲ್ಲದೆ ಒಂದು ಜೀರುಂಡೆಯನ್ನು ತುಳಿಯುತ್ತಾನೆ. ಅದು ಸಾಯುತ್ತದೆ. ಅವನಿಗೆ ತುಂಬಾ ಬೇಜಾರಾಗುತ್ತದೆ, ಅಳುತ್ತಾ ನಡೆಯುತ್ತಾನೆ. ಕಣ್ಣೀರು ಕೆನ್ನೆ ಮೇಲಿಂದ ಇಳಿದು ದವಡೆಯ ಕೀಲಿಗೆ ಸೇರಿ ತುಕ್ಕು ಹಿಡಿಯುತ್ತದೆ. ಸ್ವಲ್ಪ ಹೊತ್ತಿಗೆ ಡೊರೊಥಿ ಏನೋ ಕೇಳಿದರೆ ಬಾಯಿ ತೆರೆಯಲಿಕ್ಕೇ ಆಗುವುದಿಲ್ಲ. ಗಾಬರಿಯಿಂದ ಕೈಸನ್ನೆ ಮಾಡುತ್ತಾನೆ. ಡೊರೊಥಿಗೆ ಅರ್ಥವಾಗುವುದಿಲ್ಲ. ಸಿಂಹಕ್ಕೂ ತಿಳಿಯುವುದಿಲ್ಲ. ಆಗ ಬೆದರುಬೊಂಬೆ ಡೊರೊಥಿಯ ಬುಟ್ಟಿಯಿಂದ ಎಣ್ಣೆ ಡಬ್ಬಿ ತೆಗೆದು ದವಡೆಗೆ ಎಣ್ಣೆ ಬಿಡುತ್ತಾನೆ. ಬಾಯಿ ಬಂದ ತಕ್ಷಣ ತಗಡಿನ ಮನುಷ್ಯ ಹೇಳುವುದೇನು ಗೊತ್ತಾ? ಇನ್ನು ಮುಂದೆ ನೋಡಿಕೊಂಡು ಕಾಲಿಡ್ತೀನಿ, ಇನ್ನೊಂದು ಹುಳ ಸತ್ತರೆ ಮತ್ತೆ ಅಳು ಬರುತ್ತದೆ, ಅತ್ತರೆ ದವಡೆಗೆ ತುಕ್ಕು ಹಿಡಿಯುತ್ತದೆ, ಆಮೇಲೆ ಮಾತಾಡಲಿಕ್ಕೆ ಆಗಲ್ಲ, ಅಂತ! ಆಮೇಲೆ ದಾರಿಯಲ್ಲಿ ಇರುವೆ ಕಂಡರೂ ದಾಟಿಕೊಂಡು ಹೋಗುತ್ತಾನೆ. ಡೊರೊಥಿಗೆ ವಿವರಿಸುತ್ತಾನೆ: ಹೃದಯ ಇರುವ ನಿಮಗೆ ದಾರಿ ತೋರಿಸಲಿಕ್ಕೆ ಅದು ಇದೆ, ನೀವು ತಪ್ಪು ಮಾಡಬೇಕಾಗಿಯೇ ಇಲ್ಲ, ನನಗೆ ಅದು ಇಲ್ಲವಲ್ಲ, ಅದಕ್ಕೇ ಹುಷಾರಾಗಿರಬೇಕು.

ಇಲ್ಲಿ ಎಷ್ಟು ಪದರ ಇದೆ ನೋಡಿ. ಹೃದಯ ಇಲ್ಲ ಅನ್ನುವವನು ಹುಳಕ್ಕಾಗಿ ಅಳುತ್ತಿದ್ದಾನೆ, ಅದು ಮೇಲಿನ ಪದರ. ಅದರ ಕೆಳಗೆ, ತನ್ನ ಕರುಣೆಗೆ ಅವನು ಕೊಡುವ ಕಾರಣ ತುಕ್ಕು. ತಾನು ಒಳ್ಳೆಯವನು ಅನ್ನೋ ಅನುಮಾನವೂ ಅವನಿಗೆ ಬರುವುದಿಲ್ಲ. ಇನ್ನೂ ಕೆಳಗೆ, ಮಿದುಳಿರುವ ಇಬ್ಬರಿಗೆ ತಿಳಿಯದ್ದು ತಲೆಯಲ್ಲಿ ಹುಲ್ಲು ತುಂಬಿರುವವನಿಗೆ ಥಟ್ಟನೆ ಹೊಳೆಯಿತು. ಇದರ ಬಗ್ಗೆ ಬಾಮ್ ಒಂದಕ್ಷರ ಹೇಳುವುದಿಲ್ಲ. "ನೋಡಿದಿರಾ ಮಕ್ಕಳೇ" ಅಂತ ಕಣ್ಣು ಮಿಟುಕಿಸುವುದಿಲ್ಲ. ಅದರ ಬದಲು ತಗಡಿನ ಮನುಷ್ಯನ ಮಾತನ್ನೇ ನಂಬಿದವರ ಹಾಗೆ ಬರೆಯುತ್ತಾರೆ: ತನಗೆ ಹೃದಯ ಇಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಯಾರ ಮೇಲೂ ಕ್ರೂರವಾಗಿ ನಡೆದುಕೊಳ್ಳದ ಹಾಗೆ ಎಚ್ಚರ ವಹಿಸುತ್ತಿದ್ದ. ಆ "ಆದ್ದರಿಂದ" ಇದೆಯಲ್ಲ, ಇಡೀ ಪುಸ್ತಕ ಅದರ ಮೇಲೆ ನಿಂತಿದೆ.

ನನ್ನ ಅಕ್ಕನ ಮಗಳಿಗೆ ಇದನ್ನು ಓದಿ ಹೇಳುತ್ತಿದ್ದಾಗ ಅವಳು ಸುಮ್ನೆ ಕೇಳುತ್ತಾ ಕೂತಿದ್ದವಳು ಎದ್ದು ಕೂತು, "ಅವನಿಗೆ ಹೃದಯ ಇದೆ ಅಲ್ವಾ ಮಾಮ? ಯಾರೂ ಯಾಕೆ ಹೇಳ್ತಿಲ್ಲ?" ಅಂತ ಕೇಳಿದಳು. ಸಿಟ್ಟಿನಲ್ಲೇ ಕೇಳಿದಳು. ವ್ಯಂಗ್ಯ ಅಂದರೇನು ಅಂತ ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಪಾತ್ರಕ್ಕೆ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಅನ್ನೋದು ಗೊತ್ತಾಯಿತು, ಅಷ್ಟು ಸಾಕು. ದಿನವಿಡೀ ದೊಡ್ಡವರಿಂದ "ನಿನಗೆ ಗೊತ್ತಾಗಲ್ಲ" ಅಂತ ಕೇಳಿಸಿಕೊಳ್ಳುವ ಮಗುವಿಗೆ, ಕಥೆಯಲ್ಲಿ ಎಲ್ಲರಿಗಿಂತ ಜಾಸ್ತಿ ಗೊತ್ತಿರುವವಳು ತಾನು ಅಂತ ಅನ್ನಿಸುವುದು ಸಣ್ಣ ಸಂಗತಿಯಲ್ಲ. ಮಜಾ ಏನಂದ್ರೆ, ಜಾಸ್ತಿ ಗೊತ್ತಿದೆ ಅಂತ ಅವಳು ತಗಡಿನ ಮನುಷ್ಯನನ್ನು ನೋಡಿ ನಗಲಿಲ್ಲ. ಅವನ ಪರ ವಹಿಸಿದಳು. ವ್ಯಂಗ್ಯ ಅಂದರೆ ಚುಚ್ಚುವುದು, ಹೀಯಾಳಿಸುವುದು ಅಂತ ನಾವು ದೊಡ್ಡವರು ರೂಢಿ ಮಾಡಿಕೊಂಡಿದ್ದೇವೆ. ಇಲ್ಲಿ ಅದು ಪ್ರೀತಿ ಹುಟ್ಟಿಸುವ ಕೆಲಸ ಮಾಡುತ್ತಿದೆ.

ಬೆದರುಬೊಂಬೆಯ ವಿಷಯಕ್ಕೆ ಬರೋಣ. ದೊಡ್ಡ ಕಂದಕ ಎದುರಾದಾಗ ಮರ ಕಡಿದು ಸೇತುವೆ ಮಾಡುವ ಉಪಾಯ ಅವನದು. ಅದನ್ನು ಕೇಳಿ ಸಿಂಹ ಮೆಚ್ಚುತ್ತದೆ: ನಿನ್ನ ತಲೆಯಲ್ಲಿ ಹುಲ್ಲಿನ ಬದಲು ಮಿದುಳಿದೆಯೇನೋ ಅಂತ ಅನುಮಾನ ಬರುವ ಹಾಗಿದೆ! ಸಿಂಹ ಇದನ್ನು ಹೊಗಳಿಕೆ ಅಂತಲೇ ಹೇಳುತ್ತದೆ, ಬೆದರುಬೊಂಬೆಯೂ ಹಾಗೇ ತೆಗೆದುಕೊಳ್ಳುತ್ತಾನೆ. ಅನುಮಾನ ನಿಜ ಇರಬಹುದು ಅಂತ ಇಬ್ಬರಿಗೂ ಹೊಳೆಯುವುದಿಲ್ಲ. ಹಾಗಂತ ಬಾಮ್ ಅವನನ್ನು ಮುಚ್ಚಿಟ್ಟ ಮೇಧಾವಿ ಮಾಡಿಲ್ಲ. ಕಥೆಯ ಶುರುವಿನಲ್ಲಿ ಇದೇ ಬೆದರುಬೊಂಬೆ ರಸ್ತೆಯಲ್ಲಿ ಗುಂಡಿ ಇದ್ದರೂ ನೇರವಾಗಿ ನಡೆದು ಧೊಪ್ಪನೆ ಬೀಳುತ್ತಾನೆ. ಅವನಿಗೆ ಲೋಕ ಹೊಸದು. ಬೀಳುತ್ತಾ ಕಲಿಯುತ್ತಿದ್ದಾನೆ. ಪೇಟೆಯಲ್ಲಿ ಸಿಗುವ ಸಂಕ್ಷಿಪ್ತ ಪುಸ್ತಕಗಳಲ್ಲಿ ಈ ಬೀಳುವುದು, ಏಳುವುದು ಎಲ್ಲ ಹೋಗಿ, "ಅವನು ಮೊದಲಿನಿಂದಲೂ ಬುದ್ಧಿವಂತನಾಗಿದ್ದ" ಅನ್ನೋ ತೀರ್ಪು ಮಾತ್ರ ಉಳಿಯುತ್ತದೆ.

ಸಿಂಹದ ಬಗ್ಗೆ ಜಾಸ್ತಿ ಹೇಳಲ್ಲ. ಕರಡಿಯ ಮೈ, ಹುಲಿಯ ತಲೆ ಇರುವ ಮೃಗಗಳು ಬೆನ್ನಟ್ಟಿ ಬಂದಾಗ, ನಾವೆಲ್ಲ ಸತ್ತೆವು ಅಂತಲೇ ಹೇಳಿ, ಜೀವ ಇರುವ ತನಕ ಹೋರಾಡ್ತೀನಿ, ನನ್ನ ಹಿಂದೆ ನಿಲ್ಲಿ ಎನ್ನುತ್ತದೆ. ಪಾಪ, ಹೇಡಿ.

ಇನ್ನು ಮಾಂತ್ರಿಕ. ಒಬ್ಬೊಬ್ಬರಿಗೆ ಒಂದೊಂದು ರೂಪದಲ್ಲಿ ಕಾಣಿಸಿಕೊಂಡು ಹೆದರಿಸುತ್ತಾನೆ. ಡೊರೊಥಿಗೆ ಬರೀ ತಲೆ, ಬೆದರುಬೊಂಬೆಗೆ ಸುಂದರಿ, ತಗಡಿನ ಮನುಷ್ಯನಿಗೆ ಮೃಗ, ಸಿಂಹಕ್ಕೆ ಬೆಂಕಿಯುಂಡೆ. ಕೊನೆಗೆ ನಾಯಿಮರಿ ಟೋಟೋ ಬೆದರಿ ಓಡುವಾಗ ಮೂಲೆಯಲ್ಲಿದ್ದ ಪರದೆ ಬಿದ್ದುಹೋಗುತ್ತದೆ. ಹಿಂದೆ ನಿಂತಿದ್ದವನು ಬೋಳು ತಲೆಯ, ಸುಕ್ಕು ಮುಖದ ಒಬ್ಬ ಮುದುಕ. ಅಮೆರಿಕದ ಒಮಾಹಾ ಊರಿನವನು. ಬಾಯಿ ಅಲ್ಲಾಡಿಸದೆ ದನಿ ಹೊರಡಿಸುವ ವಿದ್ಯೆ ಕಲಿತು, ಆಮೇಲೆ ಸರ್ಕಸ್‌ಗೆ ಜನ ಸೇರಿಸಲಿಕ್ಕೆ ಬಲೂನ್ ಹಾರಿಸುತ್ತಿದ್ದವನು. ಪಕ್ಕಾ ಡೋಂಗಿ. ಅವನೇ ಒಪ್ಪಿಕೊಳ್ಳುತ್ತಾನೆ: ನಾನು ಮನುಷ್ಯ ಒಳ್ಳೆಯವನೇ, ಮಾಂತ್ರಿಕನಾಗಿ ಮಾತ್ರ ಕೆಟ್ಟವನು.

ಬೇರೆ ಯಾರಾದರೂ ಬರೆದಿದ್ದರೆ ಇಲ್ಲಿಗೆ ಮುಗಿಸುತ್ತಿದ್ದರು. ಸುಳ್ಳು ಬಯಲಾಯಿತು, ಸತ್ಯ ತಿಳಿಯಿತು, ಎಲ್ಲರೂ ಬುದ್ಧಿ ಕಲಿತರು. ಬಾಮ್ ಮಾಡಿದ್ದು ಉಲ್ಟಾ. ಡೋಂಗಿ ಅಂತ ಸಿಕ್ಕಿಬಿದ್ದ ಮೇಲೆ ಆ ಮುದುಕ ಮೊದಲ ಸಲ ನಿಜ ಹೇಳುತ್ತಾನೆ. ಬೆದರುಬೊಂಬೆಗೆ ಹೇಳುತ್ತಾನೆ, ನಿನಗೆ ಮಿದುಳು ಬೇಕಾಗಿಲ್ಲ, ದಿನಾ ಕಲಿಯುತ್ತಿದ್ದೀಯ, ತಿಳಿವಳಿಕೆ ಬರುವುದು ಅನುಭವದಿಂದ. ಸಿಂಹಕ್ಕೆ ಹೇಳುತ್ತಾನೆ, ನಿನ್ನಲ್ಲಿ ಬೇಕಾದಷ್ಟು ಧೈರ್ಯ ಇದೆ, ಹೆದರಿಕೆ ಇದ್ದರೂ ಎದುರಿಸುವುದೇ ಧೈರ್ಯ. ನೀತಿಕಥೆಯವರು ಕಾಯುತ್ತಿದ್ದ ಮಾತು ಇದೇ ತಾನೇ? ಬಂತು. ಅಕ್ಷರ ಅಕ್ಷರ ಬಂತು. ಯಾರೂ ಕೇಳಲಿಲ್ಲ! ಅದೆಲ್ಲ ಸರಿ, ಆದರೂ ಮಿದುಳು ಕೊಡದಿದ್ದರೆ ನನಗೆ ತುಂಬಾ ಬೇಜಾರಾಗುತ್ತದೆ ಅಂತಾನೆ ಬೆದರುಬೊಂಬೆ. ಸುಳ್ಳು ಹೇಳುವಾಗ ನಂಬಿದವರು ನಿಜ ಹೇಳಿದಾಗ ನಂಬುವುದಿಲ್ಲ. ಮುದುಕ ಸೋತು ನಿಟ್ಟುಸಿರು ಬಿಟ್ಟು, ನಾಳೆ ಬಾ ಅನ್ನುತ್ತಾನೆ.

ಮರುದಿನ ತೌಡಿಗೆ ಗುಂಡುಸೂಜಿ, ಸೂಜಿ ಬೆರೆಸಿ ಬೆದರುಬೊಂಬೆಯ ತಲೆಗೆ ತುಂಬುತ್ತಾನೆ. ತಗಡಿನವನ ಎದೆಯನ್ನು ಕತ್ತರಿಯಿಂದ ಚೌಕಾಕಾರಕ್ಕೆ ಕತ್ತರಿಸಿ, ರೇಷ್ಮೆ ಬಟ್ಟೆಯೊಳಗೆ ಮರದ ಪುಡಿ ತುಂಬಿದ ಹೃದಯ ಇಟ್ಟು, ತೇಪೆ ಹಾಕಿ ಬೆಸೆಯುತ್ತಾನೆ. ಸಿಂಹಕ್ಕೆ ಹಸಿರು ಬಾಟಲಿಯಿಂದ ಏನೋ ಬಗ್ಗಿಸಿ ಕುಡಿ ಅನ್ನುತ್ತಾನೆ. ಬೆದರುಬೊಂಬೆ ಹೊರಗೆ ಬಂದಾಗ ತಲೆಯಿಂದ ಸೂಜಿಗಳು ಹೊರಚಾಚಿವೆ. ಇದೇನಿದು ಅಂತ ತಗಡಿನವನು ಕೇಳಿದರೆ ಸಿಂಹ ಹೇಳುತ್ತದೆ, ಅವನ ತಲೆ ಚೂಪು ಅನ್ನೋದಕ್ಕೆ ಅದೇ ಸಾಕ್ಷಿ. ಎಲ್ಲರಿಗೂ ಖುಷಿ. ಒಳಗೆ ಮುದುಕ ಒಬ್ಬನೇ ಕೂತು, ಆಗದ ಕೆಲಸವನ್ನು ಎಲ್ಲರೂ ನನ್ನಿಂದ ಮಾಡಿಸುತ್ತಿದ್ದರೆ ನಾನು ಡೋಂಗಿಯಾಗದೆ ಇನ್ನೇನಾಗಲಿ ಅಂದುಕೊಳ್ಳುತ್ತಾನೆ. ಮೋಸಗಾರನ ಪ್ರಾಮಾಣಿಕ ಗೋಳು ಇದು. ನನಗಂತೂ ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಇಷ್ಟವಾಗುವುದು ಈ ಅಧ್ಯಾಯ. ಮೋಸ ಹೋದವರ ಮೇಲೆ ಸಿಟ್ಟಿಲ್ಲ, ಮೋಸ ಮಾಡಿದವನ ಮೇಲೂ ಪೂರ್ತಿ ಸಿಟ್ಟಿಲ್ಲ. ಯಾರನ್ನು ನೋಡಿ ನಗಬೇಕು ಅಂತ ಓದುವವರಿಗೇ ಗೊಂದಲವಾಗುತ್ತದೆ.

ಆ ಪಚ್ಚೆಯ ನಗರವೂ ಇದೇ ಥರ. ನಗರದೊಳಗೆ ಹೋಗುವ ಎಲ್ಲರಿಗೂ ಬಾಗಿಲಲ್ಲಿ ಹಸಿರು ಕನ್ನಡಕ ಹಾಕಿ ಬೀಗ ಹಾಕುತ್ತಾರೆ. ಕೀಲಿ ಇರುವುದು ಕಾವಲುಗಾರನ ಹತ್ತಿರ ಮಾತ್ರ. ಹಾಕದಿದ್ದರೆ ನಗರದ ಹೊಳಪಿಗೆ ಕಣ್ಣು ಹೋಗುತ್ತದಂತೆ. ಒಳಗೆ ಹೋದರೆ ಎಲ್ಲವೂ ಹಸಿರು. ಅಲ್ಲಿ ಮಾರುವ ನಿಂಬೆ ಶರಬತ್ತು ಹಸಿರು, ಮಕ್ಕಳು ಅದಕ್ಕೆ ಕೊಡುವ ಕಾಸೂ ಹಸಿರು. ಗುಟ್ಟೇನು ಅಂತ ಮುದುಕ ಬಾಯಿಬಿಡುವುದು 15ನೇ ಅಧ್ಯಾಯದಲ್ಲಿ. ಆದರೆ 12ನೇ ಅಧ್ಯಾಯದ ಮೊದಲಲ್ಲೇ, ಕನ್ನಡಕ ತೆಗೆದು ನಗರದಿಂದ ಹೊರಗೆ ಬಂದಾಗ, ಅರಮನೆಯಲ್ಲಿ ಹಾಕಿಕೊಂಡ ರೇಷ್ಮೆ ಬಟ್ಟೆ ಹಸಿರಲ್ಲ, ಬಿಳಿ ಅಂತ ಡೊರೊಥಿಗೆ ಕಾಣುತ್ತದೆ. ಟೋಟೋನ ಕುತ್ತಿಗೆಯ ರಿಬ್ಬನ್ ಕೂಡ ಬಿಳಿ. ಅವಳಿಗೆ ಆಶ್ಚರ್ಯವಾಗುತ್ತದೆ, ಅಷ್ಟೇ, ಮುಂದೆ ನಡೆಯುತ್ತಾಳೆ. ಒಂದೆರಡು ವಾಕ್ಯ, ಯಾವ ಒತ್ತೂ ಇಲ್ಲ. ಚುರುಕು ಮಗು ಇಲ್ಲೇ ಹಿಡಿಯುತ್ತದೆ. ಹಿಡಿಯದ ಮಗುವಿಗೆ ಎರಡನೇ ಸಲ ಓದುವಾಗ ಸಿಗುತ್ತದೆ. ಎರಡಕ್ಕೂ ಪುಸ್ತಕದಲ್ಲಿ ಜಾಗ ಇದೆ.

ಇದನ್ನು ಬರೆದವರ ಹಿನ್ನೆಲೆ ಗೊತ್ತಾದರೆ ಇನ್ನೂ ಮಜಾ. ಬಾಮ್ ಅಂಗಡಿ ನಡೆಸಿ ಕೈಸುಟ್ಟುಕೊಂಡವರು, ಪಿಂಗಾಣಿ ಸಾಮಾನು ಮಾರುತ್ತಾ ಊರೂರು ಸುತ್ತಿದವರು. 1897ರಲ್ಲಿ ಷಿಕಾಗೋದಲ್ಲಿ 'ದ ಶೋ ವಿಂಡೋ' ಅಂತ ಒಂದು ಪತ್ರಿಕೆ ಶುರು ಮಾಡಿದರು. ಅಂಗಡಿಯ ಗಾಜಿನ ಕಿಟಕಿಯಲ್ಲಿ ಮಾಲನ್ನು ಹೇಗೆ ಜೋಡಿಸಿಟ್ಟರೆ ಗಿರಾಕಿ ನಿಂತು ನೋಡುತ್ತಾನೆ ಅನ್ನುವುದೇ ಅದರ ವಿಷಯ. ಓಝ್ ಬಂದ 1900ರಲ್ಲೇ ಅದೇ ವಿಷಯದ ಮೇಲೆ ಅವರ ಇನ್ನೊಂದು ಪುಸ್ತಕವೂ ಬಂತು. ಅಂದರೆ ಹಗಲೆಲ್ಲ ಹಸಿರು ಕನ್ನಡಕ ತೊಡಿಸುವುದು ಹೇಗೆ ಅಂತ ವ್ಯಾಪಾರಿಗಳಿಗೆ ಕಲಿಸುತ್ತಿದ್ದವರು, ಮಕ್ಕಳಿಗೆ ಮಾತ್ರ ಕನ್ನಡಕದ ಗುಟ್ಟು ಹೇಳಿಕೊಟ್ಟರು.

ಈಗ ಆ ಜಗಳ. ಡೊರೊಥಿಯ ಕಾಲಲ್ಲಿರುವ ಬೂಟು ಪುಸ್ತಕದಲ್ಲಿ ಬೆಳ್ಳಿಯದು, ಸಿನಿಮಾದಲ್ಲಿ ಮಾಣಿಕ್ಯದ ಕೆಂಪು. ಮನೆಗೆ ಕರೆದುಕೊಂಡು ಹೋಗುವ ಶಕ್ತಿ ಅದರಲ್ಲೇ ಇತ್ತು, ಮೊದಲ ದಿನದಿಂದ. ಸಿನಿಮಾ ನೋಡಿದ ಎಲ್ಲರೂ ಒಂದು ಪ್ರಶ್ನೆ ಕೇಳುತ್ತಾರೆ: ಆ ಒಳ್ಳೆಯ ಮಾಟಗಾತಿಗೆ ಗೊತ್ತಿತ್ತಲ್ಲ, ಮೊದಲೇ ಯಾಕೆ ಹೇಳಲಿಲ್ಲ? ನ್ಯಾಯವಾದ ಪ್ರಶ್ನೆ. ಸಿನಿಮಾದವರು ಎರಡು ಪಾತ್ರಗಳನ್ನು ಸೇರಿಸಿ ಒಂದು ಮಾಡಿದರು, ಹಾಗಾಗಿ ಬೂಟು ಕೊಡಿಸಿದವಳೂ ಗುಟ್ಟು ಹೇಳುವವಳೂ ಒಬ್ಬಳೇ ಆದಳು. ಆ ತೂತು ಮುಚ್ಚಲಿಕ್ಕೆ, ಡೊರೊಥಿಯೇ ಸ್ವತಃ ಕಲಿಯಬೇಕಿತ್ತು ಅಂತ ಒಂದು ಪಾಠ ಸೇರಿಸಿದರು. ಅಲ್ಲಿಗೆ ವ್ಯಂಗ್ಯ ಸತ್ತು ಉಪದೇಶ ಹುಟ್ಟಿತು. ಪುಸ್ತಕದಲ್ಲಿ ಹಾಗಿಲ್ಲ. ಬೂಟಿನಲ್ಲಿ ಏನೋ ಮಾಯೆ ಇದೆ, ಏನು ಅಂತ ನಮಗೆ ಗೊತ್ತಾಗಲೇ ಇಲ್ಲ ಅಂತ ಅಲ್ಲಿನ ಊರವನೊಬ್ಬ ಶುರುವಿನಲ್ಲೇ ಹೇಳುತ್ತಾನೆ. ಬೂಟು ಎತ್ತಿ ಕೊಟ್ಟ ಉತ್ತರದ ಒಳ್ಳೆಯ ಮಾಟಗಾತಿಗೂ ಗೊತ್ತಿಲ್ಲ. ಗೊತ್ತಿರುವ ಒಳ್ಳೆಯವಳು ಗ್ಲಿಂಡಾ, ದೂರದ ದಕ್ಷಿಣದಲ್ಲಿದ್ದಾಳೆ. ನಡುವೆ ಪಶ್ಚಿಮದ ದುಷ್ಟ ಮಾಟಗಾತಿಗೆ ಬೂಟು ಕಂಡ ಕೂಡಲೇ ನಡುಕ ಬರುತ್ತದೆ, ಓಡಿಹೋಗೋಣ ಅನ್ನಿಸುತ್ತದೆ. ಆದರೆ ಹುಡುಗಿಯ ಕಣ್ಣು ನೋಡಿದರೆ ಅವಳಿಗೆ ಏನೂ ಗೊತ್ತಿಲ್ಲ ಅಂತ ತಿಳಿಯುತ್ತದೆ. ಒಳಗೊಳಗೇ ನಗುತ್ತಾಳೆ. ಶಕ್ತಿ ಇರುವವಳು ಹೆದರಿ ನಿಂತಿದ್ದಾಳೆ, ಹೆದರಬೇಕಾದವಳು ನಗುತ್ತಿದ್ದಾಳೆ, ನಡುವೆ ಎರಡೂ ಗೊತ್ತಿರುವುದು ಓದುತ್ತಿರುವ ಮಗುವಿಗೆ ಮಾತ್ರ. ಇಲ್ಲಿ ಯಾರೂ ಪಾಠ ಕಲಿಸಲಿಕ್ಕೆ ಅಂತ ಮುಚ್ಚಿಟ್ಟಿಲ್ಲ. ಕೊನೆಗೆ ಗ್ಲಿಂಡಾ ಗುಟ್ಟು ಹೇಳಿದಾಗ ಮೂವರು ಗೆಳೆಯರೂ ಒಟ್ಟಿಗೆ ಹೇಳುವುದೇನು? ನೀನು ಮೊದಲ ದಿನವೇ ಮನೆಗೆ ಹೋಗಿಬಿಟ್ಟಿದ್ದರೆ ನನಗೆ ಮಿದುಳು ಸಿಗುತ್ತಿರಲಿಲ್ಲ, ನನಗೆ ಹೃದಯ ಸಿಗುತ್ತಿರಲಿಲ್ಲ, ನಾನು ಹೇಡಿಯಾಗಿಯೇ ಇರುತ್ತಿದ್ದೆ. ತೌಡು, ಮರದ ಪುಡಿ, ಬಾಟಲಿ ನೀರು! ಕೊನೆಯ ತನಕ ಅವರಿಗೆ ಗೊತ್ತಾಗುವುದಿಲ್ಲ. ಬಾಮ್ ಗೊತ್ತು ಮಾಡಿಸುವುದೂ ಇಲ್ಲ. ಇಷ್ಟು ಧೈರ್ಯ ಇರುವ ಮಕ್ಕಳ ಲೇಖಕರು ಕಡಿಮೆ.

ದೊಡ್ಡವರಿಗಾಗಿ ಇಟ್ಟ ಚೂರುಗಳೂ ಇವೆ. ಮಾಂತ್ರಿಕ ಬಲೂನಿನಲ್ಲಿ ಹೋದ ಮೇಲೆ ಬೆದರುಬೊಂಬೆ ನಗರದ ದೊರೆಯಾಗುತ್ತಾನೆ. ಜನಕ್ಕೆ ಹೆಮ್ಮೆ. ಹುಲ್ಲು ತುಂಬಿದವನು ಆಳುವ ಊರು ಲೋಕದಲ್ಲಿ ಇನ್ನೊಂದಿಲ್ಲ ಅಂತ ಹೇಳಿಕೊಳ್ಳುತ್ತಾರೆ. ಬಾಮ್ ಪಕ್ಕದಲ್ಲೇ ಸೇರಿಸುತ್ತಾರೆ: ಅವರಿಗೆ ಗೊತ್ತಿದ್ದ ಮಟ್ಟಿಗೆ ಆ ಮಾತು ಸರಿಯೇ. ಮಗು ಮುಂದೆ ಓದುತ್ತದೆ, ಓದಿ ಹೇಳುತ್ತಿರುವ ದೊಡ್ಡವರು ಒಂದು ಕ್ಷಣ ನಿಲ್ಲುತ್ತಾರೆ. ಇನ್ನೊಂದು ಕಡೆ, ಬಣ್ಣವೇ ಇಲ್ಲದ ಬೂದು ಕ್ಯಾನ್ಸಾಸ್‌ಗೆ ಯಾಕೆ ವಾಪಸ್ ಹೋಗಬೇಕು ಅಂತ ಬೆದರುಬೊಂಬೆ ಕೇಳುತ್ತಾನೆ. ನಿನಗೆ ಮಿದುಳಿಲ್ಲ, ಅದಕ್ಕೇ ಹೀಗೆ ಕೇಳ್ತೀಯ, ಎಷ್ಟೇ ಬೂದಾಗಿದ್ದರೂ ನಮ್ಮ ಮನೆಯೇ ನಮಗೆ ಚೆಂದ ಅಂತಾಳೆ ಡೊರೊಥಿ. ಹೌದಪ್ಪ, ನಿಮ್ಮ ತಲೆಯಲ್ಲೂ ಹುಲ್ಲಿದ್ದಿದ್ದರೆ ನೀವೆಲ್ಲ ಚೆಂದದ ಜಾಗಗಳಿಗೆ ಹೋಗಿಬಿಡುತ್ತಿದ್ದಿರಿ, ಕ್ಯಾನ್ಸಾಸ್‌ನಲ್ಲಿ ಜನರೇ ಇರುತ್ತಿರಲಿಲ್ಲ, ನಿಮಗೆ ಮಿದುಳಿರುವುದು ಕ್ಯಾನ್ಸಾಸ್‌ನ ಪುಣ್ಯ ಅಂತಾನೆ ಅವನು. ಮನೆಯೇ ಚೆಂದ ಅನ್ನೋ ಡೊರೊಥಿಯ ಮಾತನ್ನು ಸಿನಿಮಾ ಮಂತ್ರದ ಥರ ಜಪಿಸಿತು. ಬೆದರುಬೊಂಬೆ ಕೊಟ್ಟ ಉತ್ತರ ಮಾತ್ರ ಯಾರಿಗೂ ನೆನಪಿಲ್ಲ.

ಬಾಮ್‌ಗೆ ಗೊತ್ತಿಲ್ಲದೆಯೇ ಆದ ವ್ಯಂಗ್ಯವೂ ಉಂಟು. ಹಳೆಯ ಕಥೆಗಳಲ್ಲಿದ್ದ ಸಂಕಟ, ಕೆಟ್ಟ ಕನಸುಗಳನ್ನೆಲ್ಲ ಬಿಟ್ಟು ಬರೀ ಖುಷಿಗಾಗಿ ಬರೆದದ್ದು ಅಂತ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಆಮೇಲೆ ಅದೇ ಪುಸ್ತಕದಲ್ಲಿ, ಜೀರುಂಡೆಗೆ ಅತ್ತ ಆ ತಗಡಿನ ಮನುಷ್ಯ 40 ತೋಳಗಳ ತಲೆಯನ್ನು ಕೊಡಲಿಯಿಂದ ಒಂದೊಂದಾಗಿ ಕಡಿದು ರಾಶಿ ಹಾಕುತ್ತಾನೆ. ಬೆದರುಬೊಂಬೆ 40 ಕಾಗೆಗಳ ಕತ್ತು ತಿರುಚುತ್ತಾನೆ. ಮೊದಲು ಮಾಮೂಲಿ ಮನುಷ್ಯನಾಗಿದ್ದ ತಗಡಿನವನ ಸ್ವಂತ ಕೈಕಾಲನ್ನೇ ಮಾಟದ ಕೊಡಲಿ ಒಂದೊಂದಾಗಿ ಕತ್ತರಿಸಿ ಹಾಕಿ, ಆ ಜಾಗಕ್ಕೆಲ್ಲ ತಗಡು ಬಂದ ಕಥೆ ಬೇರೆ ಇದೆ. ಇದೆಲ್ಲ ಬೇಕೆಂದೇ ಇಟ್ಟ ತಮಾಷೆ ಅಂತ ನಾನು ವಾದಿಸಲ್ಲ. ಮುನ್ನುಡಿ ಬರೆದ ಬಾಮ್, ಕಥೆ ಬರೆದ ಬಾಮ್ ಬೇರೆ ಬೇರೆ ಮನುಷ್ಯರು ಅಂತ ಬಿಟ್ಟುಬಿಡ್ತೀನಿ.

ಇಡೀ ಕಥೆಯೇ ಒಂದು ರಾಜಕೀಯ ಸಂಕೇತ ಅಂತ ಹೇಳುವವರೂ ಇದ್ದಾರೆ. ಹೆನ್ರಿ ಲಿಟಲ್‌ಫೀಲ್ಡ್ ಎಂಬ ಶಿಕ್ಷಕರು 1964ರಲ್ಲಿ ಬರೆದ ಲೇಖನದಿಂದ ಇದು ಹಬ್ಬಿತು. ಬೆಳ್ಳಿ ಬೂಟು ಅಂದರೆ ಚಿನ್ನದ ಜೊತೆ ಬೆಳ್ಳಿಯ ನಾಣ್ಯವೂ ಬೇಕು ಅಂತ ಆ ಕಾಲದ ಅಮೆರಿಕದಲ್ಲಿ ನಡೆದ ಚಳವಳಿ, ಪಚ್ಚೆಯ ನಗರಕ್ಕೆ ಹೋಗುವ ಹಳದಿ ಇಟ್ಟಿಗೆಯ ರಸ್ತೆ ಅಂದರೆ ಚಿನ್ನ, ಹೀಗೆ. ಓದಲಿಕ್ಕೆ ಚೆನ್ನಾಗಿದೆ. ಆದರೆ ಹೀಗೆ ಓದಿದರೆ ಪುಸ್ತಕ ಒಗಟಾಗುತ್ತದೆ, ಉತ್ತರ ಸಿಕ್ಕಿದ ಮೇಲೆ ಮುಗಿಯಿತು. ಅಳುತ್ತಾ ದವಡೆಗೆ ತುಕ್ಕು ಹಿಡಿಸಿಕೊಂಡವನಿಗೆ ಅದರಲ್ಲಿ ಕೆಲಸವೇ ಇಲ್ಲ.

ಇನ್ನೊಂದು ಇದೆ. ತಗಡಿನ ಮನುಷ್ಯನಿಗೆ ಹೃದಯ ಬೇಕಾಗಿದ್ದೇ ಯಾಕೆ? ಅವನು ಹಿಂದೆ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದ, ಹೃದಯ ಹೋದ ಮೇಲೆ ಪ್ರೀತಿಯೂ ಹೋಯಿತು. ಮತ್ತೆ ಸಿಕ್ಕರೆ ವಾಪಸ್ ಹೋಗಿ ಮದುವೆಯಾಗ್ತೀನಿ ಅಂತ ಐದನೇ ಅಧ್ಯಾಯದಲ್ಲಿ ಹೇಳುತ್ತಾನೆ. ಸಿಕ್ಕಿತು. ಆಮೇಲೆ? ಅವಳ ಹೆಸರೆತ್ತದೆ ಪಶ್ಚಿಮದ ನಾಡನ್ನು ಆಳಲಿಕ್ಕೆ ಹೊರಟುಬಿಟ್ಟ! ಬಾಮ್ ಮರೆತರೋ, ಬೇಕೆಂದೇ ಬಿಟ್ಟರೋ, ಅವರಿಗೇ ಗೊತ್ತು. 1918ರಲ್ಲಿ ಮಾತ್ರ ಇದೇ ಎಳೆ ಹಿಡಿದು ಒಂದು ಇಡೀ ಕಾದಂಬರಿ ಬರೆದರು. ಅದರಲ್ಲಿ ತಗಡಿನ ಮನುಷ್ಯ ಅವಳನ್ನು ಹುಡುಕಿಕೊಂಡು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೆ ಮದುವೆಯಾಗಿದೆ. ಗಂಡ ಯಾರು ಅಂತೀರಾ? ಇವನದೂ ಇವನಂತೆಯೇ ತಗಡಾದ ಇನ್ನೊಬ್ಬನದೂ ಕತ್ತರಿಸಿ ಬಿದ್ದ ಕೈಕಾಲುಗಳನ್ನು ಅಂಟಿಸಿ ಮಾಡಿದ ಒಬ್ಬ ಆಸಾಮಿ. ಅವಳಿಗೆ ಅವನೇ ಸಾಕಂತೆ, ಮನೆಕೆಲಸ ಮಾಡಲಿಕ್ಕೆ ಪಳಗಿಸಿದ್ದಾಳಂತೆ. ಮಕ್ಕಳಿಗೆ ವ್ಯಂಗ್ಯ ಅರ್ಥ ಆಗಲ್ಲ ಅನ್ನೋರು ಇದನ್ನೂ ಒಮ್ಮೆ ಮಕ್ಕಳ ಎದುರು ಗಟ್ಟಿಯಾಗಿ ಓದಿ ನೋಡಲಿ.